ಬೊಂಡಾಸಿನ ನರ, ದೊಡ್ಡಮ್ಮನ ನೆನಪು

ಬದುಕಿರುವ ಬೊಂಡಾಸ್ ಗಾಜಿನ ಹಾಗಿರುತ್ತದೆ ಎಂದು ನನಗೆ ತಿಳಿದದ್ದು ಜಪಾನಿಗೆ ಬಂದ ಮರುದಿನ. ಪ್ರಯೋಗಾಲಯದ ತೊಟ್ಟಿಯಲ್ಲಿ ಅದು ಈಜುತ್ತಿತ್ತು. ಮೈ ದಾಟಿ ಆಚೆಯ ಗೋಡೆ ಕಾಣುತ್ತಿತ್ತು. ಹಂಗಾರಕಟ್ಟೆಯ ಮೀನುಗಾರರ ಮನೆಯವಳು ನಾನು. ಬೆಳ್ಳಗೆ ಸತ್ತು ಬುಟ್ಟಿಯಲ್ಲಿ ಬಿದ್ದ ಬೊಂಡಾಸನ್ನೇ ನೋಡಿ ಬೆಳೆದವಳು. ಇಂಗ್ಲಿಷಿನ ಸ್ಕ್ವಿಡ್ಡಿಗೆ ಇಲ್ಲಿಯ ಹೆಸರು ‘ಇಕಾ’.

ಅದರ ಮೈಯಲ್ಲಿ ಬರಿಗಣ್ಣಿಗೇ ಕಾಣುವಷ್ಟು ದಪ್ಪದ ನರವೊಂದಿದೆ. ಅದನ್ನು ಬಿಡಿಸಿ ತೆಗೆಯುವುದು ನನ್ನ ಕೆಲಸ. ನರಕೋಶದ ಆಕಾರವನ್ನು ಹಿಡಿದಿಡುವ ಎಳೆಗಳೂ ಒಳಗೆ ಸಾಮಾನು ಸಾಗುವ ಹಳಿಗಳೂ ಪ್ರೋಟೀನಿನವು. ನಾವು ಉಸಿರಾಡುವ ಆಮ್ಲಜನಕದಿಂದಲೇ ಹುಟ್ಟುವ ಕೆಲವು ಉಗ್ರ ಕಣಗಳು ಅವನ್ನು ಕೆಡಿಸುತ್ತವೆ. ಉಪ್ಪುಗಾಳಿಗೆ ಕಿಟಕಿ ಸರಳು ತುಕ್ಕು ತಿಂದದ್ದನ್ನು ಕಂಡವಳಿಗೆ ಇದನ್ನು ಬಿಡಿಸಿ ಹೇಳಬೇಕಿರಲಿಲ್ಲ. ಅಂಥದ್ದೇ ಉಗ್ರ ಪೆರಾಕ್ಸೈಡಿನ ಹನಿಯನ್ನು ನರಕ್ಕೆ ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುತ್ತೇನೆ. ಹಳಿಗಳ ಮೇಲೆ ಸರಸರ ಓಡುತ್ತಿದ್ದ ಸಾಮಾನಿನ ಚುಕ್ಕೆಗಳು ನಿಧಾನವಾಗಿ, ಇದ್ದಲ್ಲೇ ನಿಲ್ಲುತ್ತವೆ.

ಆಗೆಲ್ಲ ದೊಡ್ಡಮ್ಮ ನೆನಪಾಗುತ್ತಾಳೆ. ಅಮ್ಮ ತೀರಿಹೋದ ಮೇಲೆ ಬ್ರಹ್ಮಾವರದ ಮಾರ್ಕೆಟ್ಟಿನಲ್ಲಿ ಮೀನು ಮಾರಿ ನನ್ನನ್ನು ಓದಿಸಿದವಳು. ನಾನು ಹೊರಡುವಾಗಲೇ ಮರೆವು ಶುರುವಾಗಿತ್ತು.

“ಅಮ್ಮಂಗೆ ನಿನ್ ಔಷಧಿ ಯಾವಾಗ ಸಿಕ್ಕತ್ತ್?” ಎಂದು ಫೋನಿನಲ್ಲಿ ಕೇಳಿದಳು ದೊಡ್ಡಮ್ಮನ ಮಗಳು ಶ್ಯಾಮಲಕ್ಕ.

“ನಂದ್ ಔಷಧಿ ಕೆಲ್ಸ ಅಲ್ಲ ಅಕ್ಕಾ. ನರ ಹೀಂಗ್ ಕೆಡುದ್ರಿಂದಲೇ ಮರೆವ್ ಬಪ್ಪುದಾ, ಮರೆವಿನ ಕಾಯಿಲೆಯಿಂದ ಇದ್ ಆಪುದಾ, ಅದೇ ಇನ್ನೂ ಗೊತ್ತಿಲ್ಲೆ,” ಎಂದೆ.

ಇಲ್ಲಿ ನಾನಿರುವ ಬಾಡಿಗೆ ಮನೆಯ ಒಡತಿ ಅಜ್ಜಿ ಕೆಳಗಿರುತ್ತಾರೆ, ನಾನು ಅಟ್ಟದ ಕೋಣೆಯಲ್ಲಿ. ಮೊದಮೊದಲು ತಲೆಬಾಗುವುದಷ್ಟೇ ನಮ್ಮ ಮಾತು. ಒಂದು ಬೆಳಿಗ್ಗೆ ಬೂಟು ಹಾಕುತ್ತಾ, ಕಲಿತಿದ್ದ ಮಾತೊಂದನ್ನು ಅಂದೆ: “ಇತ್ತೆಕಿಮಸು.” ನಮ್ಮ ‘ಹೋಯ್ ಬತ್ತೆ’ಯೇ ಅದು, ಹೋಗುವುದೂ ಬರುವುದೂ ಒಟ್ಟಿಗೇ ಇರುವ ಮಾತು. “ಇತ್ತೆರಷ್ಶಾಯ್,” ಎಂದರು ಅಜ್ಜಿ, ಹೋಗಿ ಬಾ. ಬಸ್ ಸ್ಟಾಪಿನವರೆಗೂ ಕಣ್ಣೊರೆಸಿಕೊಂಡೇ ನಡೆದೆ. ಅವರು ಕೊಟ್ಟ ಹಸಿ ಇಕಾ ನನ್ನ ಗಂಟಲಲ್ಲಿ ಇಳಿಯಲಿಲ್ಲ. ಅದನ್ನೇ ನಾನು ಡಬ್ಬಿ ತೆಂಗಿನಹಾಲಿನಲ್ಲಿ ಬೇಯಿಸಿ ಮಾಡಿದ ಖಾರದ ಗಸಿಯನ್ನು ಮಾತ್ರ ಅವರು ಮೂಗು ಸೋರಿಸಿಕೊಂಡು ಎರಡು ಸಲ ಹಾಕಿಸಿಕೊಂಡರು.

ಕಳೆದ ಭಾನುವಾರ ಬೊಂಡಾಸ್ ಸ್ವಚ್ಛಮಾಡುತ್ತಿದ್ದಾಗ ಅಕ್ಕನ ವಿಡಿಯೋ ಕರೆ ಬಂತು. ಊರಲ್ಲಿ ಇನ್ನೂ ಬಿಸಿಲು. ಜಗಲಿಯಲ್ಲಿ ದೊಡ್ಡಮ್ಮ ಕೂತಿದ್ದಳು. ನನ್ನ ಮುಖ ನೋಡಿ ಅತ್ತ ತಿರುಗಿದಳು. ಕೈಯಲ್ಲಿದ್ದದ್ದನ್ನು ಎತ್ತಿ ತೋರಿಸಿದೆ. ಅವಳ ಕಣ್ಣರಳಿತು.

“ಬೊಂಡಾಸ್! ಲಾಯ್ಕಿತ್ತ್. ಹ್ವಾಯ್, ನಿಮ್ದ್ ಯಾವ್ ಊರ್?”

ನನ್ನನ್ನು ಸಲುಗೆಯ ‘ಹೆಣೆ’ ಎಂದಲ್ಲದೆ ಕರೆಯದವಳು ಬಹುವಚನ ಹಚ್ಚಿದ್ದಳು.

“ಹಂಗಾರಕಟ್ಟೆ,” ಎಂದೆ.

ದೊಡ್ಡಮ್ಮ ನಕ್ಕಳು. “ಹಂಗಾರಕಟ್ಟೆಯರೆಲ್ಲ ನಂಗ್ ಗೊತ್ತಿತ್. ನಿಮ್ಮನ್ನ್ ಕಂಡದ್ದಿಲ್ಲೆ.”

ಅಕ್ಕ ತಿದ್ದಲು ಬಾಯಿ ತೆರೆದಳು. ಬೇಡವೆಂದು ಕೈಯಾಡಿಸಿ, “ದೂರದ್ ಊರ್ ಅಮ್ಮ, ಜಪಾನ್,” ಎಂದೆ.

“ಹೌದಾ?” ದೊಡ್ಡಮ್ಮ ಅಂಗಳದ ಬಿಸಿಲನ್ನೊಮ್ಮೆ ನೋಡಿದಳು. “ಹಂಗಾರೆ ಬೇಗ ಹೊರಡಿ. ಕತ್ಲಿ ಆಪುಕ್ ಮುಂಚೆ ಮನಿ ಸೇರ್ಕಣಿ.”

ಇಲ್ಲಿ ಆಗಲೇ ಕತ್ತಲಾಗಿತ್ತು. “ಆಯ್ತ್,” ಎಂದೆ.