ಮರಳಿ ಬಂದ ಒಪ್ಪಿಗೆ ಪತ್ರ

ಬಸ್ ಟಿಕೆಟ್‌ನಷ್ಟು ಚಿಕ್ಕದಾಗಿ ಮಡಚಿದ್ದ ಕಾಗದವನ್ನು ಆಕೆ ನನ್ನ ಮೇಜಿನ ಮೇಲಿಟ್ಟರು. ಗರ್ಭನಿರೋಧಕ ಚುಚ್ಚುಮದ್ದಿನ ಅಧ್ಯಯನಕ್ಕೆ ಸೇರಿದವರಿಗೆ ನಾವು ಕಡ್ಡಾಯವಾಗಿ ಕೊಡುವ ಒಪ್ಪಿಗೆ ಪತ್ರದ ಪ್ರತಿ ಅದು. ಮಂಡಿ ಮೊಹಲ್ಲಾದ, ಇಬ್ಬರು ಮಕ್ಕಳ ತಾಯಿಯಾದ ಆಕೆ ಅದನ್ನು ಹಿಂತಿರುಗಿಸಲೆಂದೇ ಬಸ್ ನಿಲ್ದಾಣದಿಂದ ನಮ್ಮ ಆಸ್ಪತ್ರೆಗೆ ವಾಪಸ್ ಬಂದಿದ್ದರು.

“ನೀವೇ ಇಟ್ಕೊಳಿ ಮೇಡಂ. ನಮ್ಮತ್ತೆ ನನ್ ಬ್ಯಾಗ್ ನೋಡ್ದೆ ಬುಡಲ್ಲ. ಇದು ಸಿಕ್ಕಿದ್ರೆ ಮುಂದಿನ ಸೂಜಿಗೆ ನಾನು ಬರಕ್ಕೇ ಆಗಲ್ಲ ಕಣ್ರೀ.”

“ಇದು ನಿಮ್ಮ ಹಕ್ಕು” ಎಂದೆ.

“ಸರಿ, ಎಲ್ಲಿ ಬಚ್ಚಿಡ್ಲಿ ಹೇಳಿ?”

ಕಾಗದವನ್ನು ತೆಗೆದುಕೊಂಡು ಮೇಜಿನ ಡ್ರಾಯರ್‌ನಲ್ಲಿಟ್ಟೆ.

ಮರುದಿನ ಬೆಳಿಗ್ಗೆ ಅದನ್ನು ಹೆಸರು ಬರೆಯದ ಲಕೋಟೆಯಲ್ಲಿ ಹಾಕಿ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಆಮೇಲೆ ಅಧ್ಯಯನಕ್ಕೆ ಸೇರಲು ಬಂದ ಮೊದಲ ಮಹಿಳೆಗೆ ಪ್ರತಿ ಕೊಡುವ ಮುನ್ನ ಕೇಳಿದೆ: “ಮನೆಗೆ ತಗೊಂಡ್ಹೋಗ್ತೀರಾ, ಇಲ್ಲೇ ಇಟ್ಟಿರ್ಲಾ?”