ಫೌಸ್ತೀನೊನ ಎರಡು ಮಿಲಿಮೀಟರ್

ಫೌಸ್ತೀನೊ ಗಿತ್ತಿ ಮೂವತ್ತೆಂಟು ವರ್ಷ ನನ್ನ ಪಕ್ಕದ ಯಂತ್ರದಲ್ಲಿ ಪಿಸ್ತೂಲಿನ ನಳಿಗೆಗಳಿಗೆ ಗೂಡು ಕೊರೆದ. ಗೂಡೆಂದರೆ ತೋಟಾ ಹೋಗಿ ಕೂರುವ ಜಾಗ. ಕೊರೆದಷ್ಟೇ ಗೊಣಗಿದ. ಸೈನಿಕರ ತೋಟಾದ ಹಿತ್ತಾಳೆ ಕೊಳವೆ ಹತ್ತೊಂಬತ್ತು ಮಿಲಿಮೀಟರ್ ಉದ್ದ. ಅದನ್ನು ಸೈನಿಕರಲ್ಲದ ನಮ್ಮಂಥವರು ಇಟ್ಟುಕೊಳ್ಳಲು ಕಾನೂನು ಬಿಡುತ್ತಿರಲಿಲ್ಲ. ಹಾಗಾಗಿ ಅದೇ ಪಿಸ್ತೂಲನ್ನು ಜನರಿಗೆ ಮಾರುವಾಗ ಇಪ್ಪತ್ತೊಂದರ ಗೂಡು ಕೊರೆಯುತ್ತಿದ್ದೆವು. ಗುಂಡು ಅದೇ, ಹೊಡೆತವೂ ಹೆಚ್ಚುಕಡಿಮೆ ಅದೇ. ಎರಡು ಮಿಲಿಮೀಟರ್ ಹಿತ್ತಾಳೆ ಜಾಸ್ತಿಯಾದರೆ ದೇಶಕ್ಕೆ ಅಪಾಯವಿಲ್ಲವೆಂದು ರೋಮಿನಲ್ಲಿ ಯಾರೋ ಪುಣ್ಯಾತ್ಮರು ತೀರ್ಮಾನಿಸಿದ್ದರು.

ಸೈನ್ಯದಲ್ಲಿದ್ದ ಒಂದು ವರ್ಷ ತನ್ನ ಕೈಗೆ ಹತ್ತೊಂಬತ್ತರ ಪಿಸ್ತೂಲನ್ನೇ ಕೊಟ್ಟವರು, ಮನೆಗೆ ಬಂದ ಕೂಡಲೇ ತನ್ನನ್ನು ನಂಬದಾದರು ಎಂಬುದು ಫೌಸ್ತೀನೊನ ದೂರು. ಬಾರಿನಲ್ಲಿ ಇಸ್ಪೀಟು ಹಂಚುವ ಮೊದಲು ನಾವು ಅದನ್ನು ಪೂರ್ತಿ ಕೇಳಲೇಬೇಕಿತ್ತು. ನಿವೃತ್ತನಾಗುವ ಮುಂಚೆ ತಾನೇ ಕೊರೆದ ಹತ್ತೊಂಬತ್ತರ ಪಿಸ್ತೂಲೊಂದು ತನ್ನದಾಗಬೇಕು, ಅಷ್ಟೇ ಅವನ ಆಸೆ. ಚೊಚ್ಚಲ ಮಗುವಿಗೂ ಇವನು ಇಷ್ಟು ಕಾದಿರಲಿಲ್ಲವೆಂದು ಹೆಂಡತಿ ದೊಮೆನಿಕಾ ಎಲ್ಲರೆದುರೇ ಹೇಳುತ್ತಿದ್ದಳು.

ಅವನ ಕೊನೆಯ ವರ್ಷ ಕಾನೂನು ಬದಲಾಗಿ ಹತ್ತೊಂಬತ್ತರ ಪಿಸ್ತೂಲು ಎಲ್ಲರಿಗೂ ಸಿಗುವಂತಾಯಿತು. ಕಾರ್ಖಾನೆಯವರು ಗೂಡು ಕೊರೆಯುವ ಉಳಿ, ಅಂದರೆ ರೀಮರ್, ಹತ್ತೊಂಬತ್ತರದ್ದು ಹೊಸದೊಂದು ತರಿಸಿದರು. ಫೌಸ್ತೀನೊ ಲೈಸೆನ್ಸು ಮಾಡಿಸಿ, ತನ್ನ ಪಿಸ್ತೂಲಿನ ನಳಿಗೆಯನ್ನು ತಾನೇ ಕೊರೆಯಲು ಒಪ್ಪಿಗೆ ಪಡೆದ. ಆ ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ. ನಾವೆಲ್ಲ ಸುತ್ತ ನಿಂತೆವು. ನಿಂತದ್ದೇ ತಪ್ಪು. ಜನ ಸೇರಿದ್ದು ಕಂಡು ಅವನು ಆ ಹಳೆಯ ಕಾನೂನು ಎಂಥ ಮೂರ್ಖತನದ್ದೆಂದು ವಿವರಿಸತೊಡಗಿದ. ವಿವರಿಸುತ್ತಲೇ ಖಾನೆಗೆ ಕೈ ಹಾಕಿ ರೀಮರ್ ತೆಗೆದ, ವಿವರಿಸುತ್ತಲೇ ಕೊರೆದು ಮುಗಿಸಿದ. ಮೈಮೇಲೆ ಹತ್ತೊಂಬತ್ತೆಂದು ಕೆತ್ತಿದ್ದ ಆ ನಳಿಗೆ ಪರೀಕ್ಷೆಗೆ ಹೋಯಿತು.

ಗುರುವಾರ ಊಟದ ಹೊತ್ತಿಗೆ ಪರೀಕ್ಷಾಲಯದ ಒರ್ನೆಲ್ಲಾ ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ತಾನೇ ಬಂದಳು. ಮೂವತ್ತೊಂದು ವರ್ಷದಲ್ಲಿ ಅವನ ಒಂದು ನಳಿಗೆಯನ್ನೂ ಅವಳು ಹಿಂದಕ್ಕೆ ಕಳಿಸಿರಲಿಲ್ಲ.

"ಫೌಸ್ತೀನೊ, ಇದು ಇಪ್ಪತ್ತೊಂದು ಕಣಯ್ಯಾ" ಎಂದಳು.

ಅವನು ಇಪ್ಪತ್ತೊಂದರ ಅಳತೆಯ ಗೇಜನ್ನು ಗೂಡಿನೊಳಗೆ ಮೂರು ಸಲ ಇಳಿಬಿಟ್ಟು ನೋಡಿದ. ಮೂರು ಸಲವೂ ಅದು ಸಲೀಸಾಗಿ ಒಳಗಿಳಿಯಿತು. ಖಾನೆ ತೆರೆದರೆ ಹೊಸ ರೀಮರ್ ಎಣ್ಣೆಕಾಗದ ಸುತ್ತಿಕೊಂಡು ಹಾಗೇ ಮಲಗಿತ್ತು. ಎಲ್ಲದಕ್ಕೂ ಅವನನ್ನು ಆಡಿಕೊಳ್ಳುವ ನಾವು ಅಂದು ಒಬ್ಬೊಬ್ಬರಾಗಿ ನಮ್ಮ ಯಂತ್ರಗಳತ್ತ ತಿರುಗಿದೆವು. ನನಗಂತೂ ಅವನ ಮುಖ ನೋಡಲಾಗಲಿಲ್ಲ.

ಒರ್ನೆಲ್ಲಾ ದನಿ ತಗ್ಗಿಸಿದಳು. "ಇನ್ನೊಂದು ನಳಿಗೆ ತಗೊಂಡು ಕೊರಿ. ಇದನ್ನ ನಾನು ನೋಡೇ ಇಲ್ಲ ಅಂದ್ಕೊ."

ಅವನು ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. "ಉದ್ದ ಬಿಡು. ಕೆಲಸ ಹೇಗಿದೆ?"

"ಹೇಳೋದೇನು? ಇಷ್ಟು ಚೊಕ್ಕವಾಗಿರೋದನ್ನ ನಾನು ಈವರೆಗೂ ನೋಡಿಲ್ಲ."

ಫೌಸ್ತೀನೊ ಅದನ್ನು ಅಂಗಿಯ ಅಂಚಿನಿಂದ ಒರೆಸಿ ಅವಳ ಕೈಗೇ ಕೊಟ್ಟ.

"ಹಂಗಾದ್ರೆ ಹತ್ತೊಂಬತ್ತು ಅಳಿಸಿ ಇಪ್ಪತ್ತೊಂದು ಅಂತ್ಲೇ ಹೊಡಿ. ಇಷ್ಟು ವರ್ಷ ಬಾಯಿ ಬೈದಿದ್ದು ಕೈಗೆ ಕೇಳಿಸೇ ಇಲ್ಲ ನೋಡು. ನಂದು ಇದೇ."