ಮೆತ್ತನೆಯ ಬಿಳಿ ಕಾರು, ಓಡುವ ಕಪ್ಪು ಕಾರು

ಕುಶನ್ ಮೇಸ್ತ್ರಿ ಹೋದ ಮಂಗಳವಾರ ಮಧ್ಯಾಹ್ನ ತೀರಿಕೊಂಡರು. ಅರವತ್ತಮೂರು ವರ್ಷ ವಯಸ್ಸು. ಹೃದಯಾಘಾತ ಎಂದು ಡಾಕ್ಟರು ಬರೆದುಕೊಟ್ಟರು. ಮುಂಚೆ ಎದೆನೋವು ಇತ್ತೇ ಎಂದು ಅವರು ಕೇಳಿದ್ದಕ್ಕೆ ಮೇಸ್ತ್ರಿಯ ಹೆಂಡತಿ, "ಇದ್ದಿದ್ರೂ ಕೂತು ಹೇಳೋಷ್ಟು ಪುರುಸೊತ್ತು ಅವರಿಗೆಲ್ಲಿತ್ತು" ಎಂದರು.

ಮಾತು ನಿಜ. ಬೇರೆಯವರು ಹಾಯಾಗಿ ಕೂರಲೆಂದು ಮೂವತ್ತೆಂಟು ವರ್ಷ ಕಾರಿನ ಸೀಟು ಹೊಲಿದ ಮನುಷ್ಯ, ತಾವು ಮಾತ್ರ ಮುಳ್ಳಿನ ಮೇಲೆ ಕೂತವರಂತೆ ಬದುಕಿದರು. ಊಟದ ನಡುವೆ ಎದ್ದು ಹೋಗಿ ಗೇಟು ನೋಡಿ ಬರುವರು. ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡಕ್ಕೆ ಸೋಪು ಇರುವಾಗಲೇ ಬಾಗಿಲಿಗೆ ಬಂದು ಬೀದಿ ನೋಡುವರು. ಕಾರು ಹತ್ತಿದರಂತೂ ದಾರಿಯಲ್ಲಿ ನಿಲ್ಲಿಸುವ ಮಾತೇ ಇಲ್ಲ. ಬಾಯಾರಿದವರು ಊರು ತಲುಪಿಯೇ ನೀರು ಕುಡಿಯಬೇಕು.

ಅವರ ಶೆಡ್ಡು ಟಯರ್ ಅಂಗಡಿ ಮತ್ತು ಕನ್ನಡಕದ ಅಂಗಡಿಯ ನಡುವೆ ಇತ್ತು. ಎರಡು ಹೊಲಿಗೆ ಯಂತ್ರ, ಗೋಡೆಗೆ ಒರಗಿಸಿದ ರೆಕ್ಸಿನ್ ಸುರುಳಿಗಳು, ಅಂಟಿನ ವಾಸನೆ, ಕೂದಲಲ್ಲೆಲ್ಲ ಸಿಕ್ಕಿಕೊಳ್ಳುವ ಫೋಮಿನ ಚೂರು. ಸೀಟು ಕಟ್ಟಿ ಮುಗಿದ ಮೇಲೆ ಮೇಸ್ತ್ರಿ ಅದರ ಮೇಲೆ ಕಪ್ಪು ಬಟ್ಟೆ ಹಾಸಿ, ಸೀಮೆಸುಣ್ಣದ ಪುಡಿ ಉದುರಿಸಿ, ಗಿರಾಕಿಯನ್ನು ಕೂರಿಸಿ ಎಬ್ಬಿಸುವರು. ಆಮೇಲೆ ಬಗ್ಗಿ ಗುರುತು ನೋಡುವರು. ಭಾರ ಎಲ್ಲಿ ಬಿದ್ದಿದೆ, ಯಾವ ತೊಡೆ ತೇಲುತ್ತಿದೆ, ಎಲ್ಲ ಅದರಲ್ಲಿ ತಿಳಿಯುತ್ತಿತ್ತು. "ಬಲಗಡೆ ಜೇಬಲ್ಲಿ ದಪ್ಪ ಪರ್ಸ್ ಇಟ್ಕೊಂಡೇ ಕೂರ್ತೀರಿ. ಸೊಂಟ ನೋಯೋದು ಸೀಟಿಂದಲ್ಲ" ಎನ್ನುವರು. ಗಿರಾಕಿ ಜೇಬು ಮುಟ್ಟಿಕೊಳ್ಳುವನು.

ಊರಿನ ಅರ್ಧ ಜನರ ಸೊಂಟ ಗೊತ್ತಿದ್ದ ಅವರಿಗೆ ಹೆಂಡತಿಯ ಸೊಂಟವೇ ಬಗೆಹರಿಯಲಿಲ್ಲ. ಎರಡು ವರ್ಷದ ಹಿಂದೆ ಆಕೆಗೆ ಬೆನ್ನುಮೂಳೆಯ ಆಪರೇಷನ್ ಆಗಿತ್ತು. ಅರ್ಧ ಗಂಟೆ ಕೂರಬಹುದು. ಅದರ ಮೇಲೆ ಕೂತರೆ ಸೊಂಟದಿಂದ ಹಿಮ್ಮಡಿಯವರೆಗೆ ಕಾದ ತಂತಿ ಎಳೆದಂತೆ ಆಗುತ್ತಿತ್ತು. ಆಕೆಯ ಅಕ್ಕ ಇದ್ದದ್ದು ಬೆಟ್ಟದಾಚೆಯ ಊರಿನಲ್ಲಿ. ಅಕ್ಕನಿಗೆ ಮರೆವಿನ ಕಾಯಿಲೆ ಹತ್ತಿತ್ತು. ಮೊದಲು ಚಮಚ, ಬೀಗದ ಕೈ ಮರೆತರು. ನಂತರ ಬೀದಿಯ ದಾರಿ. ಒಂದು ಭಾನುವಾರ ಫೋನಿನಲ್ಲಿ ತಂಗಿಯನ್ನೇ, "ಯಾರಮ್ಮ ನೀನು?" ಎಂದು ಕೇಳಿದರು. ಮರುವಾರ ಗುರುತು ಸಿಕ್ಕಿತು, ಅದರ ಮರುವಾರ ಇಲ್ಲ.

ಅಕ್ಕ ಪೂರ್ತಿ ಮರೆಯುವ ಮುಂಚೆ ಹೆಂಡತಿಯನ್ನು ಅಲ್ಲಿಗೆ ಮುಟ್ಟಿಸಬೇಕು. ಮೇಸ್ತ್ರಿಯ ತಲೆಯಲ್ಲಿ ಹುಳ ಕೊರೆಯತೊಡಗಿತು. ಮನೆಯ ಹಳೆಯ ಪುಟ್ಟ ಕಾರು ಗುಂಡಿ ಕಂಡರೆ ಡಬ್ಬಿಯಲ್ಲಿಟ್ಟ ಮೊಳೆಗಳಂತೆ ಸದ್ದು ಮಾಡುತ್ತಿತ್ತು. ದೊಡ್ಡ ಕಾರೇ ಬೇಕು, ಸಾಹೇಬರು ಹಿಂದಿನ ಸೀಟಿನಲ್ಲಿ ಪೇಪರ್ ಓದುತ್ತ ಹೋಗುವಂಥ ಸೆಡಾನ್, ಎಂದು ತೀರ್ಮಾನವಾಯಿತು.

ಹಳೆಯ ದೊಡ್ಡ ಕಾರುಗಳನ್ನು ಮಾರುವ ಅಂಗಡಿಯಲ್ಲಿ ಎರಡು ಸಿಕ್ಕವು. ಬಿಳಿಯದು ಮೆತ್ತನೆಯದು. ಅದರ ಸೀಟಿನಲ್ಲಿ ಕೂತರೆ ಯಾರೋ ಎತ್ತಿಕೊಂಡ ಹಾಗಿರುತ್ತಿತ್ತು, ಗುಂಡಿ ಬಂದದ್ದೂ ತಿಳಿಯುತ್ತಿರಲಿಲ್ಲ. ಆದರೆ ಏರು ಬಂತೆಂದರೆ ಎಂಜಿನ್ ಏದುಸಿರು ಬಿಡುತ್ತಿತ್ತು. ಕಪ್ಪು ಕಾರಿನದು ಆರು ಸಿಲಿಂಡರಿನ ಎಂಜಿನ್, ಮುನ್ನೂರು ಕುದುರೆಗಳ ಬಲ. ಕಾಲು ಇಟ್ಟರೆ ಸಾಕು, ಬೆಟ್ಟ ತಾನಾಗಿ ಹಿಂದೆ ಸರಿಯುತ್ತಿತ್ತು. ಆದರೆ ಮೈ ಬಿಗಿ. ರಸ್ತೆಯ ಪ್ರತಿ ಕಲ್ಲಿನ ಸಮಾಚಾರವನ್ನೂ ಬೆನ್ನಿಗೆ ಮುಟ್ಟಿಸುತ್ತಿತ್ತು. ಅಕ್ಕನ ಊರಿಗೆ ಬಿಳಿಯದರಲ್ಲಿ ಐದು ಗಂಟೆ, ಕಪ್ಪಿನಲ್ಲಿ ಮೂರೂವರೆ.

"ಐದು ಗಂಟೆ ಸಣ್ಣ ನೋವಾ, ಮೂರೂವರೆ ಗಂಟೆ ದೊಡ್ಡ ನೋವಾ?" ಎಂದು ಅವರು ಕನ್ನಡಕದ ಅಂಗಡಿಯ ಗೆಳೆಯನನ್ನು ಕೇಳಿದರು.

"ಬಿಳಿದೇ ತಗೋ."

"ಏರಲ್ಲಿ ಲಾರಿ ಹಿಂದೆ ಸಿಕ್ಕಾಕ್ಕೊಂಡ್ರೆ ಆರು ಗಂಟೆ ಆಗುತ್ತಪ್ಪ."

"ಹಂಗಾದ್ರೆ ಕಪ್ಪುದು."

"ಅದರ ಸಸ್ಪೆನ್ಷನ್ ನೋಡಿದೀಯಾ? ಕಲ್ಲು ಬೆಂಚು."

"ಮತ್ತೆ ನನ್ನನ್ಯಾಕೆ ಕೇಳ್ತೀಯ ಮಾರಾಯ" ಎಂದು ಗೆಳೆಯ ಲೆನ್ಸು ಉಜ್ಜತೊಡಗಿದ.

ಹೀಗೆ ಮೂರು ತಿಂಗಳು ಹೋಯಿತು. ವಾರಕ್ಕೆ ಎರಡು ಸಲ ಮೇಸ್ತ್ರಿ ಆ ಅಂಗಡಿಗೆ ಹೋಗುವರು, ಒಮ್ಮೆ ಬಿಳಿಯದನ್ನು ಓಡಿಸುವರು, ಒಮ್ಮೆ ಕಪ್ಪನ್ನು. "ಇನ್ನೊಂದು ಸಲ ಓಡಿಸಿದ್ರೆ ಕಾರು ನಿಮ್ಮನ್ನ ಅಪ್ಪಾ ಅನ್ನುತ್ತೆ ಸರ್" ಎಂದು ಮಾರಾಟಗಾರ ನಕ್ಕ. ಶೆಡ್ಡಿನಲ್ಲಿ ಕೆಲಸ ಗುಡ್ಡೆ ಬಿತ್ತು. ಒಬ್ಬರ ಸೀಟಿಗೆ ಇನ್ನೊಬ್ಬರ ಬಟ್ಟೆ ಹೊಲಿದು ಬಿಚ್ಚಿದರು. ಕಪ್ಪು ಕಾರಿನಿಂದ ಇಳಿದಾಗ ಅವರ ಮುಖ ಹೊಳೆಯುತ್ತಿತ್ತು. ಆ ಹೊಳಪು ಅವರಿಗೇ ಅನುಮಾನ ತಂದಿತು. ತನಗೆ ಓಡಿಸುವ ಚಪಲವೋ, ಅವಳ ಬೆನ್ನಿನ ಚಿಂತೆಯೋ? ಮರುದಿನವೇ ಬಿಳಿಯದರ ಪರ ಮಾತಾಡುವರು.

ಹೆಂಡತಿಯನ್ನು ಮಾತ್ರ ಒಮ್ಮೆಯೂ ಕರೆದೊಯ್ಯಲಿಲ್ಲ. ಆಕೆಯ ತೂಕಕ್ಕೆ ಸರಿಯಾಗಿ ಐವತ್ತನಾಲ್ಕು ಕಿಲೋ ಮರಳನ್ನು ಎರಡು ಚೀಲಕ್ಕೆ ತುಂಬಿ, ಒಂದರ ಮೇಲೊಂದು ಹಿಂದಿನ ಸೀಟಿನಲ್ಲಿಟ್ಟು ಬೆಲ್ಟು ಕಟ್ಟಿದರು. ಚೀಲದ ಕೆಳಗೆ ಕಪ್ಪು ಬಟ್ಟೆ, ಸೀಮೆಸುಣ್ಣ. ಬೆಟ್ಟದ ಬುಡದವರೆಗೆ ಹೋಗಿ ಬಂದು ಗುರುತು ನೋಡುವುದು. ಗೆಳೆಯ ಮುಂದೆ ಕೂತಿದ್ದ.

"ಅತ್ತಿಗೆಗೆ ಗೊತ್ತಾದ್ರೆ ನಿನ್ನನ್ನೂ ಚೀಲಕ್ಕೆ ತುಂಬ್ತಾರೆ."

"ಹತ್ತು ಸಲ ಅವಳನ್ನ ಕೂರಿಸಿ ನೋಯಿಸಿ, ಆಮೇಲೆ ಯಾವುದು ಚೆನ್ನಾಗಿದೆ ಹೇಳು ಅಂತ ಕೇಳಕ್ಕೆ ನಂಗೆ ಬಾಯಿ ಬರಲ್ಲ ಕಣೋ" ಎಂದರು ಮೇಸ್ತ್ರಿ.

ಚೀಲ ಏನೂ ಹೇಳಲಿಲ್ಲ. ಎರಡೂ ಕಾರಿನಲ್ಲಿ ಒಂದೇ ರೀತಿ ಗುರುತು ಬಿತ್ತು.

ಗುಟ್ಟು ಬಯಲಾದದ್ದು ಒಂದು ಗುರುವಾರ. ಮಾರಾಟಗಾರ ಮನೆಗೆ ಫೋನ್ ಮಾಡಿ, ಸಾರ್ ಮರಳಿನ ಚೀಲ ಬಿಳಿ ಕಾರಿನಲ್ಲೇ ಬಿಟ್ಟು ಹೋಗಿದ್ದಾರೆ, ಬೇರೆಯವರಿಗೆ ತೋರಿಸಬೇಕು, ತೆಗೆಸಿ ಎಂದ. ಯಾವ ಮರಳು ಎಂದು ಹೆಂಡತಿ ಕೇಳಿದರು, ಅವನು ಎಲ್ಲ ಹೇಳಿದ. ಸಂಜೆ ಮೇಸ್ತ್ರಿ ಚಪ್ಪಲಿ ಬಿಡುವಷ್ಟರಲ್ಲಿ ಹೆಂಡತಿ ಅಡುಗೆಮನೆಯ ಗೋಡೆ ಹಿಡಿದು ನಿಂತಿದ್ದರು.

"ನನ್ನ ಬದಲು ಮರಳು ಮೂಟೆ ಕೂರಿಸಿದ್ರಾ?"

ಮೇಸ್ತ್ರಿ ಬಿಟ್ಟ ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಂಡರು.

"ಮೂಟೆಗೆ ನೋಯುತ್ತಾ? ಅಕ್ಕನ ಮಗಳು ಬೆಳಿಗ್ಗೆ ಫೋನ್ ಮಾಡಿದ್ಲು. ನಾಲ್ಕು ದಿನದಿಂದ ತಂಗಿ ಎಲ್ಲಿ, ತಂಗಿ ಎಲ್ಲಿ ಅಂತಾಳಂತೆ. ನೀವು ಇಲ್ಲಿ ಮೂಟೆ ಸಾಗಿಸ್ತಾ ಇದೀರಿ. ನಾಳೆ ನಾನೇ ಬರ್ತೀನಿ."

ಮರುದಿನ ಬಿಳಿ ಕಾರಿನಲ್ಲಿ ಆಕೆ ಕೂತದ್ದು ಹತ್ತು ನಿಮಿಷ. ಏಳುವಾಗ ಮಾರಾಟಗಾರನೂ ಮೇಸ್ತ್ರಿಯೂ ಎರಡೂ ಕಡೆ ಹಿಡಿದು ಎಬ್ಬಿಸಬೇಕಾಯಿತು. "ಇದರಲ್ಲಿ ನಾನು ಹೂತೇ ಹೋಗ್ತೀನಿ. ಬೆನ್ನಿಗೆ ಆಸರೇನೇ ಸಿಗಲ್ಲ" ಎಂದರು. ಮೇಸ್ತ್ರಿಗೆ ಮುಖಕ್ಕೆ ಹೊಡೆದಂತಾಯಿತು. ಮೆತ್ತಗಿದ್ದರೆ ಸುಖ ಎಂದುಕೊಳ್ಳಬೇಡಿ ಎಂದು ಮೂವತ್ತೆಂಟು ವರ್ಷ ಗಿರಾಕಿಗಳಿಗೆ ಹೇಳುತ್ತ ಬಂದದ್ದು ಅವರೇ.

ಕಪ್ಪು ಕಾರಿನಲ್ಲಿ ಅರ್ಧ ಗಂಟೆ ಹೋದರು. ಆಕೆ ಕಿಟಕಿಯ ಆಚೆ ನೋಡುತ್ತಿದ್ದರು. ಮೇಸ್ತ್ರಿ ಕನ್ನಡಿಯಲ್ಲಿ ಆಕೆಯ ಹುಬ್ಬು ನೋಡುತ್ತಿದ್ದರು.

"ನೋಯ್ತಿದ್ಯಾ?"

"ನೋಯುತ್ತೆ. ಆದ್ರೆ ಗುಂಡಿ ಬರೋದು ಗೊತ್ತಾಗುತ್ತೆ, ಸೊಂಟ ಗಟ್ಟಿ ಮಾಡ್ಕೋಬಹುದು. ಇದೇ ಇರಲಿ."

"ಬೇಗ ಮುಟ್ಟಿಸ್ತೀನಿ. ಮೂರೂವರೆ ಗಂಟೆ."

"ಬೇಗ ಯಾರು ಕೇಳಿದ್ರು? ಅರ್ಧ ಗಂಟೆಗೊಂದು ಸಲ ನಿಲ್ಲಿಸಿ. ಇಳಿದು ಹತ್ತು ಹೆಜ್ಜೆ ನಡೀತೀನಿ. ಮದುವೆಯಾದಾಗಿಂದ ನೀವು ಎಲ್ಲಿಯಾದ್ರೂ ನಿಲ್ಲಿಸಿದೀರಾ ಹೇಳಿ."

ಮೂರು ತಿಂಗಳ ಲೆಕ್ಕಾಚಾರದಲ್ಲಿ ನಿಲ್ಲಿಸುವುದು ಎಂಬುದು ಅವರಿಗೆ ಹೊಳೆದೇ ಇರಲಿಲ್ಲ. ಅದನ್ನು ಗೆಳೆಯನಿಗೆ ಹೇಳುವಾಗ ಅವರು ನಗಲಿಲ್ಲ.

ಹೋದ ಸೋಮವಾರ ಕಾರು ಮನೆಗೆ ಬಂತು, ಮಂಗಳವಾರ ಬೆಳಿಗ್ಗೆ ಏಳಕ್ಕೆ ಹೊರಟರು. ಅವರ ಸೀಟಿನ ನೇರ ಹಿಂದೆ ಹೆಂಡತಿ. ಮುನ್ನೂರು ಕುದುರೆಗಳನ್ನು ಕಟ್ಟಿಕೊಂಡು ಮೇಸ್ತ್ರಿ ಎತ್ತಿನಗಾಡಿಯ ಹಾಗೆ ಹೋದರು. ಪ್ರತಿ ಅರ್ಧ ಗಂಟೆಗೆ ನಿಲ್ಲಿಸಿ, ಇಳಿದು, ಬಾಗಿಲು ತೆಗೆದು ಕೈ ಕೊಡುವುದು. ಮೊದಲ ಸಲ ಆಕೆ ನಡೆಯುವಷ್ಟು ಹೊತ್ತೂ ಅವರು ಕಾರಿನ ಸುತ್ತ ಸುತ್ತಿದರು, ಟಯರು ಒದ್ದು ನೋಡಿದರು, ಗಡಿಯಾರ ನೋಡಿದರು. ಹಿಂದೆ ಹಾಕಿದ್ದ ಲಾರಿಗಳೆಲ್ಲ ಮುಂದೆ ಹೋಗುತ್ತಿದ್ದವು. ಏರು ಮುಗಿದು ಉದ್ದನೆಯ ನೇರ ರಸ್ತೆ ಸಿಕ್ಕಾಗ ಹೆಂಡತಿ, "ಒಂದ್ಸಲ ಬಿಡಿ, ನೋಡೋಣ" ಎಂದರು. ಮೇಸ್ತ್ರಿ ನಂಬಲಿಲ್ಲ. "ಬಿಡಿ ಅಂದ್ನಲ್ಲ." ಎರಡು ನಿಮಿಷ ಕಾರು ಹಾರಿತು. ಹಿಂದಿನಿಂದ ಆಕೆಯ ನಗು ಕೇಳಿಸಿತು.

ಆರನೆಯ ನಿಲುಗಡೆಯಲ್ಲಿ ಮೇಸ್ತ್ರಿ ರಸ್ತೆಬದಿಯ ಮೋರಿಕಟ್ಟೆಯ ಮೇಲೆ ಕೂತುಬಿಟ್ಟರು. ಆಕೆ ನಡೆದು ಮುಗಿಸಿ ಬಂದು ನಿಂತರೂ ಏಳಲಿಲ್ಲ.

"ಸುಸ್ತಾ?"

"ಇಲ್ಲ. ಕೂತೆ, ಅಷ್ಟೆ."

ಹನ್ನೆರಡೂವರೆಗೆ ಅಕ್ಕನ ಮನೆ ಮುಟ್ಟಿದರು. ಅಕ್ಕ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು, ಮಗಳು ಪಕ್ಕದಲ್ಲಿದ್ದಳು. ಮೇಸ್ತ್ರಿ ಹಿಂದಿನ ಬಾಗಿಲು ಸರಿಯಾಗಿ ಮೆಟ್ಟಿಲಿನ ಮುಂದೆ ಬರುವಂತೆ ಕಾರು ತಿರುಗಿಸಿ ನಿಲ್ಲಿಸಿದರು. ಅಕ್ಕ ಬಹಳ ಹೊತ್ತು ಕಿಟಕಿಯನ್ನೇ ನೋಡಿದರು. ಆಮೇಲೆ ತಾವೇ ಎದ್ದು ಬಂದು ಬಾಗಿಲು ತೆಗೆದರು.

"ಎಷ್ಟು ಹೊತ್ತು ಮಾಡಿದೆ ನೀನು" ಎಂದರು ತಂಗಿಗೆ, ಬೆಳಿಗ್ಗೆ ಅಂಗಡಿಗೆ ಕಳಿಸಿದವಳನ್ನು ಬೈಯುವ ಹಾಗೆ. ಕೈ ನೀಡಿದರು.

ಆಕೆ ಅಕ್ಕನ ಕೈ ಹಿಡಿದರು. ಆದರೆ ಕಾಲು ಮರಗಟ್ಟಿತ್ತು. ಮೊಣಕಾಲು ಮುಂದಿನ ಸೀಟಿಗೆ ತಗುಲಿ ಹೊರಳಲಿಲ್ಲ. ದಾರಿಯುದ್ದಕ್ಕೂ ಇಳಿದು ಬಂದು ಕೈ ಕೊಟ್ಟಿದ್ದ ಮೇಸ್ತ್ರಿ ಈ ಸಲ ಇಳಿಯಲಿಲ್ಲ. ಅಕ್ಕತಂಗಿಯರ ನಡುವೆ ತಾನೇಕೆ ಎಂದುಕೊಂಡರೋ, ಇಳಿಯಲು ಆಗಲಿಲ್ಲವೋ, ಯಾರಿಗೂ ಗೊತ್ತಿಲ್ಲ. "ತಾಳು, ಜಾಗ ಮಾಡ್ತೀನಿ" ಎಂದರು. ಎಂಜಿನ್ ಆಫ್ ಮಾಡಿದರು. ಸೀಟಿನ ಪಕ್ಕದ ಗುಂಡಿ ಒತ್ತಿ ಹಿಡಿದು, ಸ್ಟಿಯರಿಂಗ್ ಎದೆಗೆ ತಾಗುವವರೆಗೆ ತಮ್ಮ ಸೀಟನ್ನು ಮುಂದಕ್ಕೆ ತಂದುಕೊಂಡರು. ಅವರು ಮಾಡಿದ ಕೊನೆಯ ಕೆಲಸ ಅದೇ ಆಯಿತು.